ರಕ್ತ ಪರೀಕ್ಷೆಯೂ ತರಬೇತಿ ವಿದ್ಯಾರ್ಥಿಯೂ

ಗರ್ಭ ನಿಂತಿರುವುದು ತಿಳಿದ ಕೂಡಲೇ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿಕೊಂಡ ತಾಯಿಗೆ ಮೊದಲ ಭೇಟಿಯಲ್ಲಿಯೇ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಲಾಗುತ್ತದೆ. ಕೋಣಂದೂರು ಸುತ್ತಿನ ಹಳ್ಳಿಗಳ ದಂಪತಿಗಳು ಹೆಚ್ಚಿನ ಪರೀಕ್ಷೆ ಬೇಕಾದಾಗ ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಬಸ್ಸು ಹತ್ತುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ರಕ್ತ ತೆಗೆಯುವ ಮೇಜಿನ ಬಳಿ ಇಪ್ಪತ್ತು ಇಪ್ಪತ್ತೆರಡರ ಹುಡುಗನೋ ಹುಡುಗಿಯೋ ನಿಂತಿರುವುದುಂಟು. 'ಇನ್ನೂ ಕಲಿಯುತ್ತಿರುವ ಮಕ್ಕಳ ಕೈಗೆ ನಮ್ಮ ಮನೆಯವಳ ಕೈ ಕೊಡುವುದೇ?' ಎಂದು ಗಂಡನು ಹಿಂಜರಿಯುವುದು ಸಹಜ. ಈ ವಿದ್ಯಾರ್ಥಿಗಳು ಅಲ್ಲಿ ಏನನ್ನು ಕಲಿಯುತ್ತಾರೆ, ಅವರ ಕಲಿಕೆಗೂ ತಾಯಿ ಮಗುವಿನ ಕ್ಷೇಮಕ್ಕೂ ಏನು ಸಂಬಂಧ ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ವೈದ್ಯಕೀಯ ಪ್ರಯೋಗಶಾಲಾ ತಂತ್ರಜ್ಞಾನವನ್ನು ನಮ್ಮ ರಾಜ್ಯದಲ್ಲಿ ಡಿಪ್ಲೊಮಾ ಮತ್ತು ಪದವಿ ಎರಡು ಮಟ್ಟಗಳಲ್ಲಿಯೂ ಕಲಿಸುತ್ತಾರೆ. 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿ ಶಿಕ್ಷಣದಲ್ಲಿ ಮೂರು ವರ್ಷಗಳ ವ್ಯಾಸಂಗದ ಮೇಲೆ ಒಂದು ವರ್ಷ ಪ್ರಯೋಗಶಾಲೆಯಲ್ಲಿಯೇ ನಿಂತು ದುಡಿಯುವ ತರಬೇತಿಯಿದೆ. ಪುಸ್ತಕದಲ್ಲಿ ಓದಿದ ರಕ್ತನಾಳ ಬೇರೆ, ಬೆಳಗ್ಗಿನಿಂದ ಏನೂ ತಿನ್ನದೆ ಮೂರು ಗಂಟೆ ಬಸ್ಸಿನಲ್ಲಿ ಕುಳಿತು ಬಂದ ಹೆಂಗಸಿನ ಸಣ್ಣ ತೋಳಿನ ರಕ್ತನಾಳ ಬೇರೆ. ಆ ವ್ಯತ್ಯಾಸವನ್ನು ಕೈ ಕಲಿಯಬೇಕಾದರೆ ನಿಜವಾದ ರೋಗಿಗಳ ನಡುವೆಯೇ ಕಲಿಯಬೇಕು; ಬೇರೆ ದಾರಿಯಿಲ್ಲ.

ಆದರೆ ವಿದ್ಯಾರ್ಥಿಯು ಮೊದಲ ದಿನವೇ ಸೂಜಿ ಹಿಡಿಯುವುದಿಲ್ಲ. ಮೊದಲು ನೋಡುತ್ತಾನೆ, ದಾಖಲೆ ಪುಸ್ತಕ ಬರೆಯುತ್ತಾನೆ, ಕೈ ತೊಳೆಯುವುದನ್ನೂ ಕೈಗವಸು ತೊಡುವುದನ್ನೂ ಅಭ್ಯಾಸ ಮಾಡುತ್ತಾನೆ. ಆಮೇಲೆ ಹಿರಿಯ ತಂತ್ರಜ್ಞರ ಎದುರಿನಲ್ಲಿ ರಕ್ತ ತೆಗೆಯುತ್ತಾನೆ. ಬಣ್ಣಬಣ್ಣದ ಮುಚ್ಚಳದ ಕೊಳವೆಗಳು ಅಂದಕ್ಕಾಗಿ ಇರುವುದಿಲ್ಲ: ನೇರಳೆ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ್ಯವಿದ್ದು ಅದು ಹಿಮೋಗ್ಲೋಬಿನ್ ಪರೀಕ್ಷೆಗೆ, ಬೂದು ಮುಚ್ಚಳದ್ದರಲ್ಲಿ ಸಕ್ಕರೆಯ ಅಂಶ ಕರಗಿಹೋಗದಂತೆ ಕಾಯುವ ದ್ರವ್ಯವಿರುತ್ತದೆ. ತೋಳಿಗೆ ಬಿಗಿದ ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಬಿಡಬಾರದು. ಯಂತ್ರ ಎಷ್ಟೇ ಬೆಲೆಬಾಳಲಿ, ತಪ್ಪಾಗಿ ತೆಗೆದ ರಕ್ತದಿಂದ ಅದು ಸರಿಯಾದ ಉತ್ತರ ಕೊಡಲಾರದು.

ಇವೆಲ್ಲಕ್ಕಿಂತ ಕಠಿಣವಾದ ಪಾಠ ನೋಡುವವರಿಗೆ ತೀರ ಸುಲಭವೆಂದು ತೋರುತ್ತದೆ. ಅದು ಕೊಳವೆಯ ಮೇಲೆ ಹೆಸರು ಬರೆಯುವುದು. ಒಂದೇ ಬೆಳಗ್ಗೆ ಸಾಲಿನಲ್ಲಿ ಇಬ್ಬರು ಸಾವಿತ್ರಿಯರು ಕುಳಿತಿದ್ದಾರೆಂದು ಇಟ್ಟುಕೊಳ್ಳೋಣ. 'ಸಾವಿತ್ರಮ್ಮ ನೀವೇನಾ?' ಎಂದು ಕೇಳಿದರೆ ಇಬ್ಬರೂ ತಲೆಯಾಡಿಸುತ್ತಾರೆ. ಆದುದರಿಂದ 'ಅಕ್ಕಾ, ನಿಮ್ಮ ಹೆಸರು ಹೇಳಿ, ಊರು ಹೇಳಿ, ಯಜಮಾನರ ಹೆಸರು ಹೇಳಿ' ಎಂದು ಅವರ ಬಾಯಿಂದಲೇ ಹೇಳಿಸಿ, ತಾಯಿ ಕಾರ್ಡಿನೊಡನೆ ಹೋಲಿಸಿ, ಅವರು ಎದುರಿಗಿರುವಾಗಲೇ ಕೊಳವೆಗೆ ಚೀಟಿ ಅಂಟಿಸುವಂತೆ ವಿದ್ಯಾರ್ಥಿಗೆ ಕಲಿಸಲಾಗುತ್ತದೆ. ಗಂಡನ ಹೆಸರು ಹೇಳಲು ನಮ್ಮ ಕಡೆಯ ಎಷ್ಟೋ ಹೆಂಗಸರು ಇಂದಿಗೂ ಸಂಕೋಚಪಡುತ್ತಾರೆ. ಆ ಹೊತ್ತಿಗೆ ಯಜಮಾನರು ಚಹಾದಂಗಡಿಯಲ್ಲಿರುವುದೂ ವಾಡಿಕೆ! ಹೆಂಡತಿಯ ಪಕ್ಕದಲ್ಲಿ ಹತ್ತು ನಿಮಿಷ ನಿಂತರೆ ಅದೇ ದೊಡ್ಡ ಉಪಕಾರ.

ಹೆಸರು ಅದಲುಬದಲಾದರೆ ಏನಾಗುತ್ತದೆ? ರಕ್ತದ ಗುಂಪಿನ ವಿಷಯವನ್ನೇ ನೋಡಿ. ಎ, ಬಿ, ಒ ಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿ 1901ರಲ್ಲಿ ಪ್ರಕಟಿಸಿದರು; ಆರ್‌ಎಚ್ ಅಂಶವನ್ನು 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ತಿಳಿಸಿದರು. ವಿದ್ಯಾರ್ಥಿಯು ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿಗಳಿಗೆ ಬೇರೆ ಬೇರೆ ದ್ರವ ಬೆರೆಸಿ, ಯಾವುದರಲ್ಲಿ ರಕ್ತ ಕಣಕಣವಾಗಿ ಕೂಡಿಕೊಳ್ಳುತ್ತದೆಂದು ನೋಡಿ ಗುಂಪನ್ನು ಗುರುತಿಸುತ್ತಾನೆ. ತಾಯಿಯದು ಆರ್‌ಎಚ್ ನೆಗೆಟಿವ್, ತಂದೆಯದು ಪಾಸಿಟಿವ್ ಆಗಿದ್ದರೆ ಮಗು ಪಾಸಿಟಿವ್ ಆಗಿ ಹುಟ್ಟಬಹುದು. ಹೆರಿಗೆಯಲ್ಲಿ ಮಗುವಿನ ರಕ್ತ ಸ್ವಲ್ಪವಾದರೂ ತಾಯಿಯ ರಕ್ತವನ್ನು ಸೇರಿದರೆ, ತಾಯಿಯ ದೇಹವು ಅದನ್ನು ಪರಕೀಯವೆಂದು ಎಣಿಸಿ ಪ್ರತಿಕಾಯಗಳನ್ನು ತಯಾರಿಸಿಟ್ಟುಕೊಳ್ಳುತ್ತದೆ. ಚೊಚ್ಚಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಎರಡನೆಯ ಮಗುವೂ ಪಾಸಿಟಿವ್ ಆದರೆ ಆ ಪ್ರತಿಕಾಯಗಳು ಗರ್ಭದಲ್ಲಿಯೇ ಅದರ ರಕ್ತಕಣಗಳನ್ನು ನಾಶಮಾಡತೊಡಗುತ್ತವೆ. ಮಗು ತೀವ್ರ ಕಾಮಾಲೆ, ರಕ್ತಹೀನತೆಗಳಿಗೆ ಗುರಿಯಾಗಬಹುದು, ಉಳಿಯದೆಯೂ ಹೋಗಬಹುದು. ಇದನ್ನು ತಡೆಯಲು ಆ್ಯಂಟಿ-ಡಿ ಎಂಬ ಚುಚ್ಚುಮದ್ದಿದೆ. ಗರ್ಭದ 28ನೆಯ ವಾರದ ಹೊತ್ತಿಗೆ ಒಮ್ಮೆ, ಮಗು ಪಾಸಿಟಿವ್ ಆಗಿ ಹುಟ್ಟಿದರೆ ಹೆರಿಗೆಯಾದ 72 ಗಂಟೆಗಳೊಳಗೆ ಮತ್ತೊಮ್ಮೆ ಕೊಡುತ್ತಾರೆ. ಗರ್ಭಪಾತವಾದಾಗಲೂ ಇದರ ಅಗತ್ಯವಿರಬಹುದು.

ಈಗ ಯೋಚಿಸಿ: ನೆಗೆಟಿವ್ ಆದ ಸಾವಿತ್ರಿಯ ಕಾರ್ಡಿನಲ್ಲಿ ಇನ್ನೊಬ್ಬ ಸಾವಿತ್ರಿಯ 'ಪಾಸಿಟಿವ್' ಬರೆದುಹೋಯಿತು. ಚುಚ್ಚುಮದ್ದು ಬೇಕೆಂದು ಯಾರಿಗೂ ತೋಚುವುದಿಲ್ಲ. ಮೊದಲ ಹೆರಿಗೆ ಸುಖವಾಗಿ ಆಗುತ್ತದೆ, ಮನೆಯಲ್ಲಿ ನಾಮಕರಣವೂ ನಡೆಯುತ್ತದೆ. ತಪ್ಪು ತಿಳಿಯುವುದು ಎರಡನೆಯ ಬಸಿರಿನಲ್ಲಿ. ಪ್ರಯೋಗಶಾಲೆಯ ಹಿರಿಯರು ವಿದ್ಯಾರ್ಥಿಯನ್ನು ಹೆಸರಿನ ಚೀಟಿಗಾಗಿ ಗದರಿಸುವುದು ಇದಕ್ಕೇ. ವಿದ್ಯಾರ್ಥಿ ಬರೆದ ಫಲಿತಾಂಶವನ್ನು ಜವಾಬ್ದಾರಿಯುಳ್ಳ ಹಿರಿಯರು ಪರಿಶೀಲಿಸಿ ಸಹಿ ಮಾಡಿದ ಮೇಲೆಯೇ ವರದಿ ಹೊರಬರಬೇಕು. ಸಹಿಯಿಲ್ಲದ ಚೀಟಿಯನ್ನು ಮನೆಗೆ ಒಯ್ಯಬೇಡಿ. ಹಿಂದೆ ಬೇರೆಡೆ ಪರೀಕ್ಷಿಸಿದ ಗುಂಪು ಈಗಿನದರೊಡನೆ ಹೊಂದದಿದ್ದರೆ ಸಂಕೋಚಪಡದೆ ಹೇಳಿ, ಇನ್ನೊಮ್ಮೆ ಪರೀಕ್ಷಿಸುತ್ತಾರೆ.

ಉಳಿದ ಪರೀಕ್ಷೆಗಳೂ ಮುಖ್ಯವೇ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಕಡಿಮೆಯಾದರೆ ತೀವ್ರ ರಕ್ತಹೀನತೆಯೆಂದು ತಿಳಿದು ಆಸ್ಪತ್ರೆಯ ಚಿಕಿತ್ಸೆ ಪಡೆಯಬೇಕು. ಸಕ್ಕರೆ ಕಾಯಿಲೆ, ಸಿಫಿಲಿಸ್, ಎಚ್‌ಐವಿ, ಹೆಪಟೈಟಿಸ್-ಬಿ ಪರೀಕ್ಷೆಗಳನ್ನೂ ಮಾಡುತ್ತಾರೆ. ಮೂತ್ರವನ್ನು ಅಲ್ಲಿಯೇ ಕೊಡುವ ಡಬ್ಬಿಯಲ್ಲಿ ಹಿಡಿಯಿರಿ. ಮನೆಯ ಕೆಮ್ಮಿನ ಔಷಧದ ಸೀಸೆ ಎಷ್ಟು ತೊಳೆದರೂ ನಂಬಲಾಗದು.

ಸೂಜಿ ಹೊಸದೇ, ನಿಮ್ಮೆದುರಿಗೇ ಪೊಟ್ಟಣ ಬಿಚ್ಚಿದರೇ ಎಂದು ನೋಡುವ ಹಕ್ಕು ನಿಮಗಿದೆ. ಎರಡು ಬಾರಿ ಚುಚ್ಚಿದರೂ ರಕ್ತ ಸಿಗದಿದ್ದರೆ 'ದೊಡ್ಡವರನ್ನು ಕರೆಯಪ್ಪಾ' ಎನ್ನಬಹುದು. ವಿದ್ಯಾರ್ಥಿ ಬೇಡವೆಂದು ಮೊದಲೇ ಹೇಳಿದರೂ ಚಿಕಿತ್ಸೆಗೆ ಅಡ್ಡಿಯಿಲ್ಲ. ಗದರಿಸಿದರೆ ಮಾತ್ರ ಕೈ ಇನ್ನಷ್ಟು ನಡುಗುತ್ತದೆ. ಈ ಮಕ್ಕಳಿಗೂ ಅಪಾಯವುಂಟು. ನಿಮ್ಮ ಮಗನೋ ಮಗಳೋ ಇಂಥ ತರಬೇತಿಗೆ ಹೊರಟಿದ್ದರೆ ಹೆಪಟೈಟಿಸ್-ಬಿ ಲಸಿಕೆಯ ಮೂರು ವರಸೆಗಳೂ ಆಗಿವೆಯೇ ಎಂದು ವಿಚಾರಿಸಿ. ಬಳಸಿದ ಸೂಜಿ ಚುಚ್ಚಿಕೊಂಡರೆ ಮುಚ್ಚಿಡದೆ ಕೂಡಲೇ ಹಿರಿಯರಿಗೆ ತಿಳಿಸುವಂತೆ ಹೇಳಿ ಕಳುಹಿಸಿ.

ನಮ್ಮ ಜಿಲ್ಲೆಯಲ್ಲಿ ಕಲಿಯುವವರಿಗೆ ಮತ್ತೊಂದು ಪಾಠವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಯ ಕಡಿತದಿಂದ ಹರಡುತ್ತದೆ. ಬೇಸಿಗೆಯ ಮುನ್ನಾ ತಿಂಗಳುಗಳಲ್ಲಿ ಸೌದೆಗೋ ತರಗೆಲೆಗೋ ಕಾಡಿಗೆ ಹೋದವರಿಗೆ ಜ್ವರ ಬಂದರೆ ರಕ್ತವನ್ನು ತಂಪು ಪೆಟ್ಟಿಗೆಯಲ್ಲಿಟ್ಟು ಶಿವಮೊಗ್ಗದ ವೈರಾಣು ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಜ್ವರದ ಮೊದಲ ದಿನಗಳಾದರೆ ವೈರಾಣುವನ್ನೇ ಹುಡುಕುವ ಪರೀಕ್ಷೆ, ತಡವಾಗಿದ್ದರೆ ಪ್ರತಿಕಾಯದ ಪರೀಕ್ಷೆ. ಆದ್ದರಿಂದ ಜ್ವರ ಎಂದು ಬಂತು, ಕಾಡಿಗೆ ಎಂದು ಹೋಗಿದ್ದಿರಿ, ಸುತ್ತಮುತ್ತ ಮಂಗ ಸತ್ತಿದ್ದನ್ನು ಕಂಡಿರಾ ಎಂದು ಆ ಹುಡುಗಿ ಕೇಳಿದಾಗ, ಸುಮ್ಮನೆ ಕೇಳುತ್ತಿದ್ದಾಳೆಂದು ತಿಳಿಯದೆ ದಿನ ಎಣಿಸಿ ಉತ್ತರ ಹೇಳಿ. ಅವಳು ಅದನ್ನು ಚೀಟಿಯಲ್ಲಿ ಬರೆದುಕೊಳ್ಳುವವರೆಗೆ ಕಾದಿರಿ.