ಸೀಳು ಅಂಗುಳದ ಮಕ್ಕಳಲ್ಲಿ ಅಡಿನಾಯ್ಡ್ ಶಸ್ತ್ರಚಿಕಿತ್ಸೆ: ಸದಸ್ಯರು ತಿಳಿದಿರಬೇಕಾದ ಸಂಗತಿ



ಈ ಪಾಠದ ಶೀರ್ಷಿಕೆಯನ್ನು ಕಂಡು, ಇದು ವೈದ್ಯರಿಗೆ ಸೇರಿದ ವಿಷಯ, ಪಂಚಾಯಿತಿಗೂ ಇದಕ್ಕೂ ಏನು ಸಂಬಂಧ ಎಂದು ತಮಗೆ ಅನಿಸಬಹುದು. ನಾನೂ ವೈದ್ಯನಲ್ಲ, ಎಂಜಿನಿಯರಿಂಗ್ ಓದಿ ಈ ಹುದ್ದೆಗೆ ಬಂದವನು. ಆದರೆ ಎರಡು ವರ್ಷಗಳ ಹಿಂದೆ ನಮ್ಮ ಪಂಚಾಯಿತಿ ವ್ಯಾಪ್ತಿಯ ಆರು ವರ್ಷದ ಬಾಲಕನೊಬ್ಬನ ತಂದೆತಾಯಿ ಕಚೇರಿಗೆ ಬಂದರು. ಮಗ ರಾತ್ರಿಯಿಡೀ ಗೊರಕೆ ಹೊಡೆಯುತ್ತಾನೆ, ಬಾಯಿಂದಲೇ ಉಸಿರಾಡುತ್ತಾನೆ, ಮೂಗಿನ ಹಿಂದೆ ಮಾಂಸ ಬೆಳೆದಿದೆ, ತೆಗೆಸಬೇಕಂತೆ ಎಂದರು. ಆರೋಗ್ಯ ಕಾರ್ಡಿಗೆ ಬೇಕಾದ ಕಾಗದಪತ್ರಗಳನ್ನು ಅಂದೇ ಒದಗಿಸಿಕೊಟ್ಟೆವು. ಶಸ್ತ್ರಚಿಕಿತ್ಸೆ ಆಯಿತು, ಗೊರಕೆ ನಿಂತಿತು. ಆದರೆ ಅಲ್ಲಿಯವರೆಗೆ ತಕ್ಕಮಟ್ಟಿಗೆ ತಿಳಿಯುತ್ತಿದ್ದ ಮಾತು ಪೂರ್ತಿಯಾಗಿ ಮೂಗಿನಿಂದ ಬರತೊಡಗಿತು. ಕೆಲವು ತಿಂಗಳಲ್ಲಿ ಆತ ತರಗತಿಯಲ್ಲಿ ಉತ್ತರ ಹೇಳುವುದನ್ನೇ ಬಿಟ್ಟ.

ಆ ಬಾಲಕನಿಗೆ ಒಂದು ವರ್ಷ ತುಂಬಿದಾಗ ಸೀಳು ಅಂಗುಳವನ್ನು ಹೊಲಿಯಲಾಗಿತ್ತು. ಈ ಸಂಗತಿ ಎರಡನೆಯ ಶಸ್ತ್ರಚಿಕಿತ್ಸೆ ಮಾಡಿದವರಿಗೆ ತಿಳಿದಿರಲಿಲ್ಲ. ಪೋಷಕರ ಲೆಕ್ಕದಲ್ಲಿ ಅದು ಮುಗಿದ ಕಥೆ. ಅವರನ್ನು ಯಾರೂ ಕೇಳಲೂ ಇಲ್ಲ. ಹಳೆಯ ಕಡತ ಹೊಸ ಮೇಜಿಗೆ ತಲುಪಲಿಲ್ಲ, ಅಷ್ಟೆ. ಈ ಬಗೆಯ ಲೋಪ ನಮ್ಮ ಕಚೇರಿಗಳಿಗೂ ಅಪರಿಚಿತವಲ್ಲ.

ಒಂದು ಓಣಿಗೆ ನೀರು ಬಿಡುವಾಗ ಪಕ್ಕದ ಓಣಿಯ ವಾಲ್ವನ್ನು ಮುಚ್ಚಬೇಕೆಂಬುದು ತಮಗೆಲ್ಲ ಗೊತ್ತು. ಇಲ್ಲವಾದರೆ ಎರಡೂ ಕಡೆ ಒತ್ತಡ ಸಾಲದು. ನಮ್ಮ ಗಂಟಲಿನಿಂದ ಮೇಲೇರುವ ಉಸಿರಿಗೂ ಬಾಯಿ, ಮೂಗು ಎಂಬ ಎರಡು ಓಣಿಗಳಿವೆ. ಬಾಯಿಯ ಮೇಲ್ಭಾಗದ ಹಿಂದಿನ ಮೆತ್ತನೆಯ ಭಾಗ, ಅಂದರೆ ಮೃದು ಅಂಗುಳ, ಇಲ್ಲಿನ ವಾಲ್ವು. ಮ, ನ, ಣ ಮುಂತಾದ ಅನುನಾಸಿಕಗಳಿಗೆ ಅದು ತೆರೆದಿರುತ್ತದೆ. ಪ, ಬ, ತ, ದ, ಕ, ಸ ಮೊದಲಾದವುಗಳಿಗೆ ಅದು ಮೇಲೆದ್ದು ಗಂಟಲಿನ ಹಿಂಗೋಡೆಗೆ ಒತ್ತಿ ಮೂಗಿನ ದಾರಿಯನ್ನು ಮುಚ್ಚಬೇಕು. ಮುಚ್ಚದಿದ್ದರೆ ಮಗು 'ಬರ' ಎಂದರೆ ನಮಗೆ 'ಮರ' ಎಂದು ಕೇಳಿಸುತ್ತದೆ, 'ದಾರ' ಎಂದರೆ 'ನಾರ' ಎಂದು. ಮಗುವಿಗೆ ಬುದ್ಧಿ ಮಂದವೆಂದು ಜನ ತೀರ್ಮಾನಿಸುವುದು ಇಲ್ಲಿಂದಲೇ. ಅದು ತಪ್ಪು ತೀರ್ಮಾನ.

ಇನ್ನು ಅಡಿನಾಯ್ಡ್. ಮೂಗಿನ ಹಾದಿ ಮುಗಿದು ಗಂಟಲು ಆರಂಭವಾಗುವಲ್ಲಿ, ಹಿಂಗೋಡೆಯ ಮೇಲಿರುವ ಅಂಗಾಂಶವಿದು, ಟಾನ್ಸಿಲಿನ ಸಂಬಂಧಿ. ಎಲ್ಲ ಮಕ್ಕಳಲ್ಲಿಯೂ ಇರುತ್ತದೆ, ಸುಮಾರು 3ರಿಂದ 7 ವರ್ಷಗಳಲ್ಲಿ ದೊಡ್ಡದಾಗಿ ಕಾಣುತ್ತದೆ, ಹದಿಹರೆಯದ ಹೊತ್ತಿಗೆ ಕುಗ್ಗುತ್ತದೆ. ಮೂಗಿನೊಳಗೇ ಬೆಳೆಯುವ ಪಾಲಿಪ್ ಬೇರೆ, ಇದು ಬೇರೆ. ಹಳ್ಳಿಯಲ್ಲಿ ಎರಡನ್ನೂ 'ಮೂಗಿನ ಮಾಂಸ' ಎನ್ನುವುದುಂಟು. ಸೀಳು ಅಂಗುಳವನ್ನು ಹೊಲಿದ ಮೇಲೂ ಕೆಲವು ಮಕ್ಕಳಲ್ಲಿ ಮೃದು ಅಂಗುಳ ಗಿಡ್ಡವಾಗಿಯೋ ಬಿಗಿಯಾಗಿಯೋ ಉಳಿಯುತ್ತದೆ. ಅದು ಹಿಂಗೋಡೆಯನ್ನು ಮುಟ್ಟಲಾರದು. ಮುಂದಕ್ಕೆ ಉಬ್ಬಿರುವ ಅಡಿನಾಯ್ಡನ್ನು ಮುಟ್ಟುತ್ತದೆ. ಸವೆದ ವಾಲ್ವಿಗೆ ದಪ್ಪ ವಾಷರ್ ಹಾಕಿ ಸೋರಿಕೆ ನಿಲ್ಲಿಸಿದಂತೆ. ತಾನಾಗಿಯೇ ಅಡಿನಾಯ್ಡ್ ಕುಗ್ಗುವಾಗ ವರ್ಷಗಳ ಕಾಲಾವಕಾಶವಿರುವುದರಿಂದ ಅಂಗುಳ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ವಾಷರ್ ಒಂದೇ ದಿನದಲ್ಲಿ ಹೋಗುತ್ತದೆ.

ಹಾಗೆಂದು ಶಸ್ತ್ರಚಿಕಿತ್ಸೆಯೇ ಬೇಡ ಎಂದು ಯಾರೂ ಊರಿನಲ್ಲಿ ಹೇಳಬಾರದು. ನಿದ್ರೆಯಲ್ಲಿ ಉಸಿರು ತಡೆದು ತಡೆದು ನಿಲ್ಲುವ ಮಗುವಿಗೆ ಚಿಕಿತ್ಸೆ ಅತ್ಯಗತ್ಯ. ಅದರ ಬೆಳವಣಿಗೆ, ಕಲಿಕೆ, ಹೃದಯ ಎಲ್ಲಕ್ಕೂ ಅಪಾಯವಿದೆ. ಇಂತಹ ಮಕ್ಕಳಿಗೆ ಅಡಿನಾಯ್ಡನ್ನು ಭಾಗಶಃ ತೆಗೆಯುವ ವಿಧಾನವಿದೆ. ಎಂಡೋಸ್ಕೋಪಿನಲ್ಲಿ ನೋಡುತ್ತ, ಮೂಗಿನ ಹಿಂಬಾಗಿಲನ್ನು ಅಡ್ಡಗಟ್ಟಿರುವ ಮೇಲಿನ ಭಾಗವನ್ನಷ್ಟೇ ತೆಗೆದು, ಅಂಗುಳ ಬಂದು ತಾಗುವ ಕೆಳಗಿನ ಅಂಚನ್ನು ಉಳಿಸುತ್ತಾರೆ. ಉಸಿರಿಗೆ ದಾರಿಯಾಗುತ್ತದೆ, ಮಾತಿಗೆ ಆಸರೆಯೂ ಉಳಿಯುತ್ತದೆ. ಅದಕ್ಕೂ ಮೊದಲು ಕೆಲವು ಮಕ್ಕಳಿಗೆ ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಔಷಧವನ್ನು ಕೆಲವು ವಾರ ಕೊಟ್ಟು ನೋಡುವುದುಂಟು. ಕಿವಿ ಸೋರುವುದನ್ನು ಮಾತ್ರ ಕಾರಣವಾಗಿಟ್ಟುಕೊಂಡು ಅಡಿನಾಯ್ಡ್ ತೆಗೆಸುವಾಗ ಹೆಚ್ಚು ಎಚ್ಚರ ಬೇಕು: ಈ ಮಕ್ಕಳಲ್ಲಿ ಕಿವಿಯ ನಾಳವನ್ನು ತೆರೆಯುವ ಸ್ನಾಯುವೇ ಸರಿಯಾಗಿ ಕೂಡಿಕೊಂಡಿರುವುದಿಲ್ಲ, ಆದ್ದರಿಂದ ಅಡಿನಾಯ್ಡ್ ಹೋದರೂ ಕಿವಿಯ ತೊಂದರೆ ಉಳಿಯಬಹುದು.

ಹೊಲಿಗೆಯ ಗುರುತಿರುವ ಮಗುವನ್ನು ಕೇಳಿಯಾದರೂ ತಿಳಿಯಬಹುದು. ಸೀಳು ಹೊರಗೆ ಕಾಣದ ಮಗುವಿನ ವಿಷಯ ಕಠಿಣ. ಅಂಗುಳದ ಮೇಲಿನ ತೆಳುಪೊರೆ ಕೂಡಿಕೊಂಡು, ಒಳಗಿನ ಸ್ನಾಯು ಮಾತ್ರ ಕೂಡದೆ ಉಳಿದಿರುತ್ತದೆ. ಇದರ ಮೂರು ಗುರುತುಗಳನ್ನು ಕ್ಯಾಲ್ನನ್ ಎಂಬ ಶಸ್ತ್ರವೈದ್ಯರು 1954ರಲ್ಲಿ ವಿವರಿಸಿದರು: ಇಬ್ಭಾಗವಾದ ಕಿರುನಾಲಿಗೆ, ಮೃದು ಅಂಗುಳದ ನಡುವೆ ಸ್ನಾಯು ಬೇರ್ಪಟ್ಟ ತೆಳು ಗೆರೆ, ಗಟ್ಟಿ ಅಂಗುಳದ ಹಿಂದಿನ ಅಂಚಿನಲ್ಲಿ ಬೆರಳಿಗೆ ಸಿಗುವ ಕಚ್ಚು. ಕಿರುನಾಲಿಗೆ ಇಬ್ಭಾಗವಾಗಿರುವ ಎಲ್ಲರಿಗೂ ತೊಂದರೆಯಿಲ್ಲ. ಹೆಚ್ಚಿನವರು ಗೊತ್ತೇ ಇಲ್ಲದೆ ಬಾಳುತ್ತಾರೆ. ಆದರೆ ಎಳೆಯದರಲ್ಲಿ ಕುಡಿದ ಹಾಲು ಮೂಗಿನಿಂದ ಬರುತ್ತಿತ್ತೇ ಎಂದು ತಾಯಿಯನ್ನು ಕೇಳಬೇಕು. ಮಗು 'ಪಾಪಾಪಾ' ಎನ್ನುವಾಗ ಮೂಗಿನ ಕೆಳಗೆ ತಣ್ಣನೆಯ ಕನ್ನಡಿ ಹಿಡಿದರೆ ಮಂಜು ಕಟ್ಟುವುದೇ ಎಂದೂ ನೋಡಬಹುದು. ಕಟ್ಟಿದರೆ ಸೋರಿಕೆಯ ಶಂಕೆಯಿದೆ. ಇದು ಶಂಕೆಗೆ ಸಾಕು, ನಿರ್ಣಯಕ್ಕೆ ಸಾಲದು.

ನಿರ್ಣಯಕ್ಕೆ ದಾರಿಗಳಿವೆ. ಸೀಳು ತುಟಿ ಮತ್ತು ಸೀಳು ಅಂಗುಳ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿವೆ. ಅದರ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಬರಬೇಕು. ಬಂದ ದಿನ ಸದಸ್ಯರೊಬ್ಬರು ಅಲ್ಲಿದ್ದರೆ ಒಳ್ಳೆಯದು. ಮಾತಿನ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಆಶಾ ಕಾರ್ಯಕರ್ತೆಯರ ಬಳಿ ಅಂಗುಳ ಹೊಲಿಸಿದ ಮಕ್ಕಳ ಪಟ್ಟಿಯೊಂದು ಇರಲಿ ಎಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಸೂಚಿಸಿರಿ. ಹಳೆಯ ಆಸ್ಪತ್ರೆಯ ಬಿಡುಗಡೆ ಪತ್ರದ ನಕಲು ತಾಯಿ ಕಾರ್ಡಿನೊಡನೆ ಉಳಿಯಲಿ. ಮೂಗು, ಗಂಟಲಿನ ಶಸ್ತ್ರಚಿಕಿತ್ಸೆಗೆ ನೆರವು ಕೋರಿ ಯಾರಾದರೂ ಬಂದಾಗ, ಪಡಿತರ ಚೀಟಿಯನ್ನು ಕೇಳುವುದಕ್ಕೂ ಮೊದಲು, ಮಗುವಿನ ಅಂಗುಳಕ್ಕೆ ಹಿಂದೆ ಹೊಲಿಗೆ ಹಾಕಿಸಿದ್ದೀರಾ ಎಂದು ಕೇಳಿರಿ. ಹೌದಾದರೆ ಆ ಪತ್ರವನ್ನು ಕೈಗೆ ಕೊಟ್ಟೇ ಕಳುಹಿಸಿರಿ.

ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಮೂಗಿನ ಮಾತು ಬರುವುದು ಸಾಮಾನ್ಯ, ತಾನಾಗಿ ಸರಿಹೋಗುತ್ತದೆ. ಮೂರು ತಿಂಗಳು ಕಳೆದರೂ ಹಾಗೆಯೇ ಇದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ದಾರಿ ಮುಚ್ಚದೆ ಉಳಿದಿದ್ದರೆ ಮಾತಿನ ತರಬೇತಿಯೊಂದರಿಂದಲೇ ಅದು ಮುಚ್ಚದು; ಅಂಗುಳವನ್ನು ಉದ್ದಗೊಳಿಸುವ ಅಥವಾ ಹಿಂಗೋಡೆಯ ಪದರವನ್ನು ಅದಕ್ಕೆ ಜೋಡಿಸುವ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ತರಬೇತಿ ಅದರ ಬಳಿಕ. ನಮ್ಮ ಬಾಲಕ ಈಗ ಆ ಹಂತದಲ್ಲಿದ್ದಾನೆ. ಈ ಸಲ ಅವನ ತಂದೆ ಎರಡೂ ಆಸ್ಪತ್ರೆಗಳ ಕಾಗದಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿದ್ದಾರೆ.