ಮೇಸ್ತ್ರಿಗೆ ಮುಂಗಡ ಕೊಡುವ ಮುನ್ನ

ಶುಂಠಿಗೆ ಒಳ್ಳೆಯ ದರ ಸಿಕ್ಕ ವರ್ಷ ಶಿರಾಳಕೊಪ್ಪದ ಸುತ್ತಮುತ್ತ ಹಳೆ ಮನೆಗಳ ಮೇಲೆ ಹೊಸ ಕೋಣೆಗಳು ಏಳುತ್ತವೆ. ಮೊದಲು ಕರೆಸುವುದು ಮೇಸ್ತ್ರಿಯನ್ನು. ಅವರು ಚದರಕ್ಕೆ ಇಷ್ಟು ಎಂದು ಹೇಳುವ ಲೆಕ್ಕದಲ್ಲಿ ಪರವಾನಗಿಯ ಮಾತೇ ಇರುವುದಿಲ್ಲ. ಮಗನ ಮದುವೆಗೆ ಮುಂಚೆ ಮಹಡಿಯ ಮೇಲೊಂದು ಕೋಣೆ ಹಾಕಿಸಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಎಸ್ಟಿಮೇಟು ಕಾಗದಪತ್ರದ ಖರ್ಚಿನಿಂದಲೇ ಶುರುವಾಗಬೇಕು.

ನಮ್ಮ ಮನೆಯ ಖಾತಾ ಇನ್ನೂ ಅಪ್ಪನ ಹೆಸರಿನಲ್ಲಿತ್ತು. ಅಪ್ಪ ತೀರಿಕೊಂಡು ವರ್ಷಗಳೇ ಕಳೆದಿದ್ದವು. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಪೌತಿ ಖಾತೆ ಮಾಡಿಸಬೇಕಾಯಿತು. ಅಮ್ಮ, ಅಕ್ಕ, ನಾನು ಮೂವರೂ ಸಮಾನ ಹಕ್ಕುದಾರರು. ಜಂಟಿ ಖಾತೆಯ ಮನೆಗೆ ಒಬ್ಬರೇ ದುಡ್ಡು ಸುರಿದರೆ ಮುಂದೆ ಪಾಲಿನ ಮಾತು ಬಂದಾಗ ಆ ಕೋಣೆ ಯಾರದ್ದು? ಪ್ರಶ್ನೆ ಎತ್ತಿದವಳು ಅಕ್ಕನೇ. ಮೂವರೂ ಕೂತು ಮಾತಾಡಿ ವಿಭಾಗ ಪತ್ರ ನೋಂದಾಯಿಸಿದೆವು. ಮುದ್ರಾಂಕ ಶುಲ್ಕ, ಪತ್ರ ಬರಹಗಾರರ ಫೀ ಎಲ್ಲ ಸೇರಿದರೂ ಈ ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದು ಎಂದೇ ಹೇಳುತ್ತೇನೆ. ಅಕ್ಕ ಈಗಲೂ ಹಬ್ಬಕ್ಕೆ ಬಂದರೆ ಆ ಕೋಣೆಯಲ್ಲೇ ಮಲಗುತ್ತಾಳೆ.

ಪಟ್ಟಣದೊಳಗಿನವರಿಗೆ ಇ-ಆಸ್ತಿಯ ನಮೂನೆ-3 ಬೇಕು, ಹಳ್ಳಿಯವರಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11. ಬಿ ಖಾತಾ ಇದ್ದವರು ಕಂದಾಯ ಕಟ್ಟುತ್ತಿದ್ದೇವೆ ಎಂದು ನೆಮ್ಮದಿಯಿಂದ ಇರಬೇಡಿ. ನಕ್ಷೆ ಮಂಜೂರಾತಿಗೆ ಅಷ್ಟು ಸಾಲದು. ‘ಇರುವ ಮನೆಗೇ ಸೇರಿಸುವುದಲ್ಲವೆ’ ಎಂಬ ವಾದವೂ ನಡೆಯದು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 187ನೇ ಪ್ರಕರಣ ಹೊಸ ಕಟ್ಟಡಕ್ಕೆ ಹೇಗೋ ಸೇರ್ಪಡೆಗೂ ಹಾಗೆಯೇ ಅನ್ವಯಿಸುತ್ತದೆ. ಒಂದು ಸಮಾಧಾನವೂ ಇದೆ: ಸ್ವಂತ ವಾಸದ ಮನೆಯ ಕಟ್ಟಡ ವೆಚ್ಚ 50 ಲಕ್ಷ ರೂಪಾಯಿ ಮೀರದಿದ್ದರೆ ಶೇ 1ರ ಕಾರ್ಮಿಕ ಸೆಸ್ ಇಲ್ಲ. ಎಂಜಿನಿಯರು ಕೊಡುವ ವೆಚ್ಚದ ಪಟ್ಟಿಯನ್ನು ಅದಕ್ಕಾಗಿಯೇ ಗಮನವಿಟ್ಟು ಓದಬೇಕು.

ಶಿರಾಳಕೊಪ್ಪದಿಂದ ಕೂಗಳತೆಯಲ್ಲಿರುವ ಬಳ್ಳಿಗಾವಿಯ ಲೆಕ್ಕವೇ ಬೇರೆ. ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇಗುಲಗಳು ಕೇಂದ್ರದ ಸಂರಕ್ಷಿತ ಸ್ಮಾರಕಗಳು. 2010ರ ತಿದ್ದುಪಡಿ ಕಾಯ್ದೆಯ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲ ನೂರರೊಳಗೆ ಅನುಮತಿ ಪಡೆದು ಇರುವ ಮನೆಯನ್ನು ದುರಸ್ತಿ ಮಾಡಿಸಬಹುದು, ಹೊಸ ಕೋಣೆ ಏರಿಸುವಂತಿಲ್ಲ. ಆಚೆಯವರು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ ನಿರಾಕ್ಷೇಪಣಾ ಪತ್ರ ತರಬೇಕು. ಆ ದೇಗುಲಗಳು ಉಳಿಯಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ತಲೆಮಾರುಗಳಿಂದ ಅಲ್ಲೇ ಬಾಳುತ್ತಿರುವವರು ನಕ್ಷೆಗೆ ದುಡ್ಡು ತೆತ್ತ ಮೇಲೆ ಈ ವಿಷಯ ತಿಳಿಯುವುದು ಅನ್ಯಾಯ. ಯಾವ ಮನೆ ಯಾವ ವಲಯದಲ್ಲಿದೆ ಎಂಬ ಪಟ್ಟಿ ಪಂಚಾಯಿತಿಯ ಗೋಡೆಯ ಮೇಲೆ ಇರಬೇಕು.

ಮೊದಲು ಕಟ್ಟಿ ಆಮೇಲೆ ಸಕ್ರಮ ಮಾಡಿಸೋಣ ಎನ್ನುವವರು ಈಗಲೂ ಇದ್ದಾರೆ. ರಾಜ್ಯದ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. 2024ರ ಡಿಸೆಂಬರ್ ತೀರ್ಪಿನಲ್ಲಿ ಅದೇ ನ್ಯಾಯಾಲಯ, ಸ್ವಾಧೀನಾನುಭವ ಪತ್ರ (ಒಸಿ) ನೋಡಿಯೇ ವಿದ್ಯುತ್ ಸಂಪರ್ಕ, ಬ್ಯಾಂಕ್ ಸಾಲ ಕೊಡಬೇಕೆಂದು ಹೇಳಿತು. ಪರವಾನಗಿ ಇಲ್ಲದ ಕೋಣೆಗೆ ಹಾಕಿದ ದುಡ್ಡು ಸಾಲಕ್ಕೂ ಆಗದು, ಮಾರುವಾಗ ಬೆಲೆಗೂ ಸೇರದು.

ನಮ್ಮ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ಕೆಲಸ ನಿಲ್ಲುತ್ತದೆ, ತಂದಿಟ್ಟ ಸಿಮೆಂಟು ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಸ್ಲ್ಯಾಬ್ ಹಾಕಿಸುವ ಆಸೆ ಇದ್ದವರು ದೀಪಾವಳಿಗೆ ಮುಂಚೆಯೇ ಖಾತಾ ನಕಲು ತೆಗೆಸಿ. ಹೆಸರು, ಅಳತೆ, ಚಕ್ಕುಬಂದಿ ಸರಿಯಿದೆಯೇ ನೋಡಿ ಅರ್ಜಿ ಹಾಕಿ, ಸಕಾಲ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಮಂಜೂರಾದ ನಕ್ಷೆ ಕೈಗೆ ಬಂದ ಮೇಲೆ ಮೇಸ್ತ್ರಿಗೆ ಮುಂಗಡ ಕೊಡಿ.