ಆಟದ ಉದ್ಯಾನದಲ್ಲಿ ವಿಶ್ರಾಂತಿ

ಉಮದಿಯ ಸೋದರಿಯವರಿಗೆ,

ವೃದ್ಧರಾದ ಅತ್ತೆಯವರನ್ನೂ ಮಕ್ಕಳನ್ನೂ ಕರೆದುಕೊಂಡು ಬಿಡದಿಯ ವಂಡರ್‌ಲಾಗೆ ಹೋಗುವ ತಮ್ಮ ಸಂಕಲ್ಪವು ಸಂತೋಷಕರವಾದುದೇ. ಆದರೆ ವಿಜಾಪುರದ ಮಾರ್ಗವಾಗಿ ಇರುಳೆಲ್ಲ ಬಸ್ಸಿನಲ್ಲಿ ಕುಳಿತು ಬಂದು, ಮೈಯ ಆಯಾಸವಾರುವ ಮೊದಲೇ ಟಿಕೆಟಿನ ಸಾಲಿನಲ್ಲಿ ನಿಲ್ಲುವುದಾದರೆ, ಅಲ್ಲಿ ಎಷ್ಟು ನೆರಳಿದ್ದರೂ ವಿಶ್ರಾಂತಿಯು ದುರ್ಲಭವೆಂದು ಅರಿಯತಕ್ಕದ್ದು. ಆದುದರಿಂದ ಒಂದು ರಾತ್ರಿ ಬೆಂಗಳೂರಿನಲ್ಲಿ ತಂಗಿ, ವಾರದ ನಡುವಣ ದಿನವನ್ನೇ ಆರಿಸಿಕೊಳ್ಳಿರಿ. 2005ರಲ್ಲಿ ತೆರೆದ ಆ ವಿಶಾಲವಾದ ಉದ್ಯಾನವನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬೇಕೆಂಬ ಹಠವೇ ಆಯಾಸದ ಮೂಲವೆಂದು ನನ್ನ ದೃಢವಾದ ಅಭಿಪ್ರಾಯ. ಬಾಗಿಲು ತೆರೆದೊಡನೆ ದೊಡ್ಡ ಆಟಗಳನ್ನು ಮುಗಿಸಿ, ಜನಸಂದಣಿಗೆ ಮೊದಲೇ ಉಂಡು, ಬಿಸಿಲೇರಿದ ಹೊತ್ತಿನಲ್ಲಿ ನೆರಳನ್ನು ಆಶ್ರಯಿಸಿರಿ. ಧ್ಯಾನನಿಷ್ಠ ಸಂತರಾದ ಭಾವೂಸಾಹೇಬ ಮಹಾರಾಜರ ಊರಿನವರಾದ ತಮಗೆ ಸುಮ್ಮನೆ ಕುಳಿತಿರುವುದರ ಸುಖವನ್ನು ನಾನು ಹೇಳಬೇಕಾಗಿಲ್ಲ. ಅತ್ತೆಯವರೊಬ್ಬರನ್ನೇ ಸಾಮಾನು ಕಾಯಲು ಬಿಡಬೇಡಿರಿ. ತಾವೂ ಯಜಮಾನರೂ ಸರದಿಯಂತೆ ಅವರ ಬಳಿಯಿರಿ.